ಮರ ಯಾವುದು ಅಂತ ಮೊದಲು ನೋಡಿ

ಈ ತಿಂಗಳು ತೆರಿಗೆ ವಿಷಯ ಮೂರೇ ಸಾಲು. ಏಪ್ರಿಲ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಿದವರು ಅಕ್ಟೋಬರ್ 15ರ ಒಳಗೆ ರಿಟರ್ನ್ ಕಳಿಸಿ. ಎಕ್ಸ್‌ಟೆನ್ಷನ್ ಅನ್ನೋದು ಕಾಗದ ಕಳಿಸೋಕೆ ಸಿಕ್ಕ ಸಮಯ, ಹಣ ಕಟ್ಟೋಕೆ ಸಿಕ್ಕ ಸಮಯ ಅಲ್ಲ. ಬಾಕಿ ಇದ್ದರೆ ಬಡ್ಡಿ ಏಪ್ರಿಲ್‌ನಿಂದಲೇ ಓಡ್ತಾ ಇರತ್ತೆ.

ಉಳಿದ ಜಾಗವೆಲ್ಲ ಅಣಬೆಗೆ. ಲೆಕ್ಕ ಬರೆಯೋರಿಗೂ ಅಣಬೆಗೂ ಏನು ಸಂಬಂಧ ಅಂತ ಕೇಳಬಹುದು. ಹಿಂದೊಮ್ಮೆ ಇದೇ ಅಂಕಣದಲ್ಲಿ ವಾಟರ್‌ಫಾಲ್ ಗ್ಲೆನ್ ಕಾಡಿನಲ್ಲಿ ನಡೆಯೋದರ ಬಗ್ಗೆ ಬರೆದಾಗ, ಅಲ್ಲಿ ಬಿದ್ದ ಮರಗಳ ಮೇಲೆ ಬೆಳೆದ ಅಣಬೆಗಳ ಮಾತೂ ಬಂದಿತ್ತು. ಅವತ್ತಿನಿಂದ ಒಂದು ಮಳೆ ಬಿದ್ದು ಮೂರು ದಿನ ಆಗೋದೇ ತಡ, ನಮ್ಮ ಫೋನಿಗೆ ಫೋಟೋ ಬರೋಕೆ ಶುರು. ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರೋರು ಪಾರ್ಕಿಂಗ್ ಜಾಗದ ಮೋಟುಮರದ್ದು ಕಳಿಸ್ತಾರೆ. ಟ್ರಕ್ ಓಡಿಸೋರು ಇಂಡಿಯಾನಾದ ರೆಸ್ಟ್ ಏರಿಯಾದ್ದು ಕಳಿಸ್ತಾರೆ. ವೃದ್ಧರನ್ನು ನೋಡಿಕೊಳ್ಳೋ ಕೆಲಸದ ಅಕ್ಕಂದಿರು ಆ ಮನೆಯ ಹಿತ್ತಲಿನದ್ದು ಕಳಿಸ್ತಾರೆ. ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: "ಸಾರ್, ಇದನ್ನ ತಿನ್ನಬಹುದಾ?"

ಫೋಟೋ ನೋಡಿ ಆ ಪ್ರಶ್ನೆಗೆ ಉತ್ತರ ಕೊಡೋದನ್ನು ನಾವು ಮಾಡೋದಿಲ್ಲ. ವೋಚರ್ ನೋಡದೆ ಲೆಡ್ಜರಿಗೆ ಎಂಟ್ರಿ ಹಾಕೋ ಅಭ್ಯಾಸ ನಮಗಿಲ್ಲ. ಬಂದ ಫೋಟೋಗಳನ್ನ ಒಟ್ಟಿಗೆ ನೋಡಿದರೆ ಒಂದು ವಿಷಯ ಎದ್ದು ಕಾಣತ್ತೆ: ಅಣಬೆ ಇರತ್ತೆ, ಅಣಬೆಯ ಪಕ್ಕ ಅಳತೆಗೆ ಅಂತ ಇಟ್ಟ ಬೆರಳೋ ಕ್ವಾರ್ಟರ್ ನಾಣ್ಯವೋ ಇರತ್ತೆ, ಮರ ಮಾತ್ರ ಇರೋದೇ ಇಲ್ಲ. ಅಡಿಭಾಗವೂ ಇರೋದಿಲ್ಲ. ಅಣಬೆಯ ವಿಷಯದಲ್ಲಿ ವೋಚರ್ ಅಂದ್ರೆ ಇವೆರಡೇ.

ಮೊದಲು ನಮ್ಮೂರಿನ ಲೆಕ್ಕ ಪಕ್ಕಕ್ಕಿಡಬೇಕು. ಮಲೆನಾಡಿನವರಿಗೆ, ಕೊಡಗಿನವರಿಗೆ, ಕರಾವಳಿಯವರಿಗೆ ಅಣಬೆ ಹೊಸದಲ್ಲ. ಕೊಡಗಿನಲ್ಲಿ ಅದು ಕುಮ್ಮು, ತುಳುವಿನಲ್ಲಿ ಲಾಂಬು. ಮೊದಲ ಗುಡುಗಿಗೆ ಕಲ್ಲಣಬೆ, ಮಳೆ ಹಿಡಿದ ಮೇಲೆ ಹುತ್ತದ ಅಣಬೆ. ಹೆಚ್ಚಿನವರ ಬಾಯಲ್ಲಿ ನೀರೂರಿಸೋದು ಆ ಹುತ್ತದ್ದೇ. ಅದನ್ನು ಬೆಳೆಸೋದು ಗೆದ್ದಲು. ಹುತ್ತದ ಒಳಗೆ ಗೆದ್ದಲು ಕಟ್ಟಿದ ತೋಟದಲ್ಲಿ ಬೇರೂರಿ, ಮಳೆಗೆ ಮೇಲೆ ಬಂದು ಕೊಡೆ ಬಿಚ್ಚತ್ತೆ. ಹೀಗೆ ಶಿಲೀಂಧ್ರ ಸಾಕೋ ಗೆದ್ದಲು ಇರೋದು ಏಷ್ಯಾ, ಆಫ್ರಿಕಾದಲ್ಲಿ. ಅಮೆರಿಕ ಖಂಡದಲ್ಲಿ ಆ ಜಾತಿಯ ಗೆದ್ದಲೇ ಇಲ್ಲ. ಗೆದ್ದಲು ಇಲ್ಲ ಅಂದ ಮೇಲೆ ಆ ಅಣಬೆಯೂ ಇಲ್ಲ. ಇಲ್ಲಿ ಅದರ ಹಾಗೆ ಕಾಣೋದು ಏನೇ ಸಿಕ್ಕಿದರೂ ಅದು ಬೇರೆಯದೇ, ನೂರಕ್ಕೆ ನೂರು.

ಈ ಮಾತು ಯಾಕೆ ಮುಖ್ಯ ಅಂದ್ರೆ, ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರ್ತಾರೆ. ನಾವು ಕೆಲಸಕ್ಕೆ ಹೋದ ಮೇಲೆ ಅವರಿಗೆ ಇಡೀ ದಿನ ಮಾಡೋಕೆ ಏನಿದೆ, ಟೈ ವಾರ್ನರ್ ಪಾರ್ಕಿನಲ್ಲಿ ಎರಡು ಸುತ್ತು ಹಾಕೋದು. ಈ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನ ಮೇಲೆ ಅಂಗೈಯಗಲದ ಬಿಳಿ ಕೊಡೆ ಕಂಡು ನಮ್ಮನ್ನು ಕರೆದು ತೋರಿಸಿದರು. "ಇದು ನಮ್ಮೂರಲ್ಲಿ ಹುತ್ತದ ಹತ್ರ ಏಳೋದೇ ಕಣೋ ಮಾರಾಯ. ಕೊಡೆ ನೋಡು, ಕಾಲು ನೋಡು." ನಾವು ಅಂದೆವು, "ಅಮ್ಮಾ, ಸ್ವಲ್ಪ ಬಲಿತದ್ದು ಒಂದು ಕಿತ್ತು ಮಗುಚಿ ನೋಡಿ." ಕೊಡೆಯ ಕೆಳಗಿನ ಪದರಗಳು ಮಾಸಲು ಹಸಿರು. "ಥೂ, ಇದಕ್ಕೆ ಹಸಿರು ಯಾಕೆ ಬಂತು?" ಅಂತ ಅವರೇ ಬಿಸಾಡಿದರು. ಅದರ ಹೆಸರು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಉತ್ತರ ಅಮೆರಿಕದಲ್ಲಿ ಅಣಬೆ ತಿಂದು ಹೊಟ್ಟೆ ಕೆಡಿಸಿಕೊಳ್ಳೋರಲ್ಲಿ ಅತಿ ಹೆಚ್ಚು ಜನ ತಿಂದಿರೋದು ಇದನ್ನೇ. ಎಳೆಯದಾಗಿದ್ದಾಗ ಪದರಗಳು ಬೆಳ್ಳಗೇ ಇರ್ತವೆ, ಬಲಿತ ಮೇಲಷ್ಟೇ ಹಸಿರು. ಅನುಭವ ಇದ್ದವರೇ ಇದಕ್ಕೆ ಮೊದಲು ಬೀಳೋದು, ಏನೂ ಗೊತ್ತಿಲ್ಲದವರು ಹೇಗೂ ಮುಟ್ಟೋದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಗ್ನೇಯ ಏಷ್ಯಾದಿಂದ ಬಂದವರು ತಮ್ಮೂರಿನ ಭತ್ತದ ಹುಲ್ಲಿನ ಅಣಬೆ ಅಂದುಕೊಂಡು ಡೆತ್ ಕ್ಯಾಪ್ ತಿಂದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿ ಬೇಕಾದಷ್ಟಿವೆ.

ಹಾಗಾದ್ರೆ ಇಲ್ಲಿ ಹೊಸದಾಗಿ ಕಲಿಯೋರು ಎಲ್ಲಿಂದ ಶುರು ಮಾಡಬೇಕು? ನಮ್ಮ ಅಭಿಪ್ರಾಯದಲ್ಲಿ ಸತ್ತ ಮರದಿಂದ. ನೆಲದ ಮೇಲೆ ಏಳುವ ಬಿಳಿ, ಕಂದು ಕೊಡೆಗಳ ಲೋಕಕ್ಕೆ ಹೋದರೆ ಹತ್ತು ವರ್ಷ ಕಲಿತವರೂ ತಲೆ ಕೆರೆದುಕೊಳ್ತಾರೆ. ಮರದ ಮೇಲೆ ಬೆಳೆಯುವವು ನಿಧಾನಸ್ಥರು. ಕೆಲವು ವರ್ಷಗಟ್ಟಲೆ ಅಲ್ಲೇ ಇರ್ತವೆ, ಮತ್ತೆ ಮತ್ತೆ ಹೋಗಿ ನೋಡಬಹುದು. ಯಾವ ಮರ ಅನ್ನೋದು ಗೊತ್ತಾದರೆ ಅರ್ಧ ಗುರುತು ಸಿಕ್ಕ ಹಾಗೆ. ಜೊತೆಗೆ ಚಿಕಾಗೊ, ಡೆಟ್ರಾಯ್ಟ್ ಸುತ್ತಮುತ್ತ ಸತ್ತ ಮರಕ್ಕೆ ಬರ ಇಲ್ಲ.

ಬರ ಇಲ್ಲದಿರೋದಕ್ಕೂ ಒಂದು ಕತೆ ಇದೆ, ಡೆಟ್ರಾಯ್ಟ್ ಕಡೆಯ ಓದುಗರಿಗೆ ಇದು ಮನೆ ಬಾಗಿಲಿನದ್ದು. 2002ರಲ್ಲಿ ಡೆಟ್ರಾಯ್ಟ್ ಹತ್ತಿರ ಆ್ಯಷ್ ಮರಗಳು ಸಾಯ್ತಾ ಇದ್ದ ಕಾರಣ ಹುಡುಕಿದಾಗ ಸಿಕ್ಕಿದ್ದು ಪಚ್ಚೆ ಬಣ್ಣದ, ಅರ್ಧ ಅಂಗುಲ ಉದ್ದ ಕೂಡ ಇಲ್ಲದ ಒಂದು ಜೀರುಂಡೆ, ಎಮರಾಲ್ಡ್ ಆ್ಯಷ್ ಬೋರರ್. ಪೂರ್ವ ಏಷ್ಯಾದ್ದು. ಸರಕು ತುಂಬಿದ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳ ಜೊತೆ ಬಂದಿರಬೇಕು ಅಂತ ತಜ್ಞರ ಲೆಕ್ಕ. ಗೋದಾಮಿನಲ್ಲಿ ಕೆಲಸ ಮಾಡೋರು ಪ್ಯಾಲೆಟ್ ಮೇಲೆ ಸುಟ್ಟು ಒತ್ತಿದ ಗೋಧಿ ತೆನೆಯ ಮುದ್ರೆ ನೋಡಿರ್ತೀರಿ. ಮರವನ್ನು ಬಿಸಿ ಮಾಡಿಯೋ ಔಷಧಿ ಹಾಕಿಯೋ ಒಳಗಿನ ಹುಳ ಸಾಯಿಸಿದ್ದೇವೆ ಅನ್ನೋ ಅಂತರರಾಷ್ಟ್ರೀಯ ಗುರುತು ಅದು. ಇಂಥ ಹುಳಗಳಿಗಾಗಿಯೇ ಆ ನಿಯಮ. 2006ಕ್ಕೆ ಈ ಜೀರುಂಡೆ ಇಲಿನಾಯ್‌ಗೆ ಬಂತು, ನಮ್ಮ ಪಕ್ಕದ ಕೇನ್ ಕೌಂಟಿಯಲ್ಲೇ ಮೊದಲು ಸಿಕ್ಕಿತು. ಮರಿಹುಳ ತೊಗಟೆ ಕೆಳಗೆ ಹಾವಿನ ಹಾಗೆ ತಿರುಗಿ ತಿರುಗಿ ತಿನ್ನತ್ತೆ, ಮರಕ್ಕೆ ನೀರು ಆಹಾರ ಏರೋ ದಾರಿ ಕಡಿದುಹೋಗತ್ತೆ. ದೇಶದಲ್ಲಿ ಕೋಟಿಗಟ್ಟಲೆ ಮರ ಹೋದವು. ತೊಗಟೆ ಮೇಲೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಸಣ್ಣ ತೂತು ಇದ್ದರೆ ಅದು ಆ್ಯಷ್, ಸತ್ತಿದ್ದು ಹೀಗೆ ಅಂತ ಬರೆದುಕೊಳ್ಳಿ.

ಎಲ್ಮ್ ಮರಗಳದ್ದು ಇನ್ನೂ ಹಳೇ ಕತೆ. ಪಕ್ಕದ ಎಲ್ಮ್‌ಹರ್ಸ್ಟ್ ಊರಿನ ಹೆಸರಲ್ಲೇ ಆ ಮರ ಇದೆ. ಡಚ್ ಎಲ್ಮ್ ರೋಗ ಅಂತ ಒಂದು ಶಿಲೀಂಧ್ರ, ತೊಗಟೆ ಜೀರುಂಡೆಗಳ ಬೆನ್ನೇರಿ ಹರಡಿ, ಕಳೆದ ಶತಮಾನದಲ್ಲಿ ಬೀದಿ ಬೀದಿಯ ಎಲ್ಮ್ ಸಾಲುಗಳನ್ನೇ ಬೋಳು ಮಾಡಿತು. ಇವತ್ತಿಗೂ ಕಾಡಿನಲ್ಲಿ ಎಳೇ ಎಲ್ಮ್‌ಗಳು ಸ್ವಲ್ಪ ದಪ್ಪ ಆಗೋದರೊಳಗೆ ಸಾಯ್ತಾನೇ ಇವೆ. ತೊಗಟೆ ದೊಡ್ಡ ದೊಡ್ಡ ಹಲಗೆ ಹಾಗೆ ಕಳಚಿ ಬುಡದಲ್ಲಿ ಬಿದ್ದಿರೋ ಒಣ ಮರ ಕಂಡರೆ ಎಲ್ಮ್ ಇರಬಹುದು ಅಂತ ಹತ್ತಿರ ಹೋಗಿ. ಮೇ ತಿಂಗಳ ಮೊದಲೆರಡು ವಾರ ಮೋರೆಲ್ ಹುಡುಕೋ ಅಮೆರಿಕದವರು ನೆಲ ನೋಡಿಕೊಂಡು ನಡೆಯೋದಿಲ್ಲ, ತಲೆ ಎತ್ತಿ ಸತ್ತ ಎಲ್ಮ್ ಹುಡುಕ್ತಾರೆ. ಮೋರೆಲ್ ಇರೋದು ನೆಲದಲ್ಲೇ, ಆದರೆ ವಿಳಾಸ ಮರದ್ದು. (ಅದನ್ನೂ ಹಸಿಯಾಗಿ ತಿನ್ನಬಾರದು. 2023ರಲ್ಲಿ ಮೊಂಟಾನಾದ ಒಂದು ಹೋಟೆಲಿನಲ್ಲಿ ಹಸಿ, ಅರೆಬೆಂದ ಮೋರೆಲ್ ತಿಂದು 51 ಜನ ಹಾಸಿಗೆ ಹಿಡಿದರು, ಇಬ್ಬರು ತೀರಿಕೊಂಡರು. ಅದು ಬೆಳೆಸಿ ತರಿಸಿದ ಮೋರೆಲ್, ಗುರುತಿನ ತಪ್ಪೂ ಅಲ್ಲ.)

ಎಲ್ಮ್ ಮೇಲೆ ಮೇ ತಿಂಗಳಲ್ಲೇ ಇನ್ನೊಂದು ಸಿಗತ್ತೆ, ಫೆಸೆಂಟ್ ಬ್ಯಾಕ್. ಕಾಡುಕೋಳಿಯ ಬೆನ್ನಿನ ಗರಿಗಳ ಹಾಗೆ ಕಂದು ಚುಕ್ಕೆ, ಕೆಳಗೆ ಜೇನುಹಟ್ಟಿನಂಥ ತೂತುಗಳು. ಮೂಗಿನ ಹತ್ತಿರ ಹಿಡಿದರೆ ಕಲ್ಲಂಗಡಿ ಸಿಪ್ಪೆಯ ವಾಸನೆ. ಹೊಸಬರು ಮೊದಲು ಕಲಿಯೋಕೆ ಇದಕ್ಕಿಂತ ಸುಲಭದ್ದು ಇಲ್ಲ.

ಅದೇ ಎಲ್ಮ್ ಮೇಲೆ ಈಗ ಕೆಲವು ವರ್ಷದಿಂದ ಅಚ್ಚ ಹಳದಿ ಗೊಂಚಲು ಕಾಣ್ತಿದೆ. ಗೋಲ್ಡನ್ ಆಯ್ಸ್ಟರ್. ನೋಡೋಕೆ ಸೇವಂತಿಗೆ ರಾಶಿ ಸುರಿದ ಹಾಗಿರತ್ತೆ. ಇದೂ ನಮ್ಮ ಹಾಗೆ ಏಷ್ಯಾದ್ದು. ಮನೆಯಲ್ಲೂ ತೋಟದಲ್ಲೂ ಬೆಳೆಸೋಕೆ ತಂದದ್ದು ಕಾಡಿಗೆ ತಪ್ಪಿಸಿಕೊಂಡಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಐಶ್ವರ್ಯಾ ವೀರಬಾಹು ಮತ್ತು ಜೊತೆಗಾರರು ಮ್ಯಾಡಿಸನ್ ಸುತ್ತಲಿನ ಸತ್ತ ಎಲ್ಮ್ ಮರಗಳನ್ನು ಕೊರೆದು ನೋಡಿ 2025ರಲ್ಲಿ ಪ್ರಕಟಿಸಿದ ಪ್ರಕಾರ, ಈ ಹಳದಿ ಅಣಬೆ ಹತ್ತಿದ ಮರದಲ್ಲಿ ಉಳಿದ ಶಿಲೀಂಧ್ರ ಜಾತಿಗಳು ಸರಾಸರಿ ಅರ್ಧಕ್ಕೆ ಇಳಿದಿದ್ದವು. ಮನೆಯಲ್ಲಿ ಕಿಟ್ ತಂದು ಅಣಬೆ ಬೆಳೆಸೋ ಓದುಗರು ಹಲವರಿದ್ದೀರಿ. ಹಳದಿ ಜಾತಿ ಬೇಡ, ಬೂದು ಬಣ್ಣದ ಇಲ್ಲಿಯದೇ ಆಯ್ಸ್ಟರ್ ತನ್ನಿ. ಬೆಳೆದು ಮುಗಿದ ಮೇಲೆ ಆ ಉಂಡೆಯನ್ನು ಹಿತ್ತಲಿಗೆ ಎಸೆಯಬೇಡಿ.

ಓಕ್ ಮರಕ್ಕೆ ಬಂದಾಗ ವ್ಯವಹಾರ ದೊಡ್ಡದಾಗತ್ತೆ. ಈಗ ಸೆಪ್ಟೆಂಬರ್, ಅಕ್ಟೋಬರ್ ಓಕ್‌ನ ಕಾಲ. ಬುಡದಲ್ಲಿ ಬೂದು ಕಂದು ಗರಿ ಕೆದರಿಕೊಂಡು ಕಾವು ಕೂತ ಹೇಂಟೆಯ ಹಾಗೆ ಕಾಣೋದು ಹೆನ್ ಆಫ್ ದ ವುಡ್ಸ್, ಏಷ್ಯನ್ ಅಂಗಡಿಗಳಲ್ಲಿ ಮೈಟಾಕೆ ಅಂತ ಪ್ಯಾಕೆಟ್ಟಿನಲ್ಲಿ ಸಿಗೋದೂ ಇದೇ. ಕಾಂಡದ ಮೇಲೆ ಕಿತ್ತಳೆ ಹಳದಿ ಅಟ್ಟಣಿಗೆ ಕಟ್ಟಿಕೊಂಡು ದೂರದಿಂದಲೇ ಹೊಡೆದು ಕಾಣೋದು ಚಿಕನ್ ಆಫ್ ದ ವುಡ್ಸ್. ನಮ್ಮ ಫೋನಿಗೆ ಅತಿ ಹೆಚ್ಚು ಬರೋ ಫೋಟೋ ಇದರದ್ದೇ. ಬಣ್ಣ ನೋಡಿ ಎಲ್ಲರೂ ಖುಷಿಯಾಗ್ತಾರೆ.

ಆದರೆ ಬಣ್ಣ ಸಾಕ್ಷಿ ಅಲ್ಲ. ಅದೇ ಓಕ್‌ನ ಬುಡದಲ್ಲಿ, ಅದೇ ತಿಂಗಳಲ್ಲಿ, ಅದೇ ಕಿತ್ತಳೆ ಬಣ್ಣದಲ್ಲಿ ಜಾಕ್ ಓ ಲ್ಯಾಂಟರ್ನ್ ಅನ್ನೋದೂ ಏಳತ್ತೆ. ತಿಂದರೆ ಗಂಟೆಗಟ್ಟಲೆ ವಾಂತಿ ಭೇದಿ. ಕೈಯಲ್ಲಿ ಹಿಡಿದು ಮಗುಚಿದರೆ ಎರಡಕ್ಕೂ ಅಜಗಜಾಂತರ. ಚಿಕನ್‌ನ ಕೆಳಗೆ ಪದರ ಇಲ್ಲ. ಸೂಜಿಯಲ್ಲಿ ಚುಚ್ಚಿದ ಹಾಗೆ ಕಣ್ಣಿಗೆ ಕಾಣೋದೇ ಕಷ್ಟ ಅನ್ನೋಷ್ಟು ಸಣ್ಣ ತೂತುಗಳು, ಕೊಡೆಯೂ ಇಲ್ಲ ಕಾಲೂ ಇಲ್ಲ, ಮರಕ್ಕೆ ಅಂಟಿದ ಹಲಗೆ. ಜಾಕ್‌ಗೆ ಸರಿಯಾದ ಕೊಡೆ, ಸರಿಯಾದ ಕಾಲು, ಕೊಡೆಯ ಕೆಳಗೆ ಪುಸ್ತಕದ ಹಾಳೆಗಳಂಥ ಪದರಗಳು ಕಾಲಿನ ಮೇಲೆ ಇಳಿದು ಬಂದಿರ್ತವೆ. ನೆಲದಲ್ಲಿ ಎದ್ದ ಹಾಗೆ ಕಂಡರೂ ಅಗೆದರೆ ಕೆಳಗೆ ಹೂತ ಬೇರೋ ಮೋಟೋ ಸಿಗತ್ತೆ. ತಾಜಾ ಇದ್ದರೆ ಆ ಪದರಗಳು ಕತ್ತಲಲ್ಲಿ ಮಂದವಾಗಿ ಹೊಳೀತವೆ ಅಂತಾರೆ, ಅದಕ್ಕೇ ಆ ಹೆಸರು. ಹಾಗಾಗಿ ಮರ ನೋಡಿದ ಮೇಲೆ ಎರಡನೇ ಕೆಲಸ ಅಡಿ ನೋಡೋದು: ತೂತೋ, ಪದರವೋ, ಬರೀ ನುಣುಪೋ. ಕೀಳಲೇಬೇಕು ಅಂತಿಲ್ಲ. ಮುಖ ನೋಡಿಕೊಳ್ಳೋ ಚಿಕ್ಕ ಕನ್ನಡಿ ಜೇಬಿನಲ್ಲಿಟ್ಟುಕೊಂಡು ಅಣಬೆಯ ಕೆಳಗೆ ಹಿಡಿದರೆ ಆಯಿತು, ಫೋನಿನ ಸೆಲ್ಫಿ ಕ್ಯಾಮರಾ ಆದರೂ ನಡೀತದೆ.

ಈ ಅಭ್ಯಾಸಕ್ಕೆ ಟರ್ಕಿ ಟೇಲ್ ಒಳ್ಳೇ ಪಾಠ. ವರ್ಷವಿಡೀ ಯಾವ ಬಿದ್ದ ದಿಮ್ಮಿ ಮೇಲಾದರೂ ಸಿಗತ್ತೆ. ಕಂದು, ಬೂದು, ನೀಲಿ ಪಟ್ಟೆಗಳ ತೆಳು ಬೀಸಣಿಗೆ, ಮುಟ್ಟಿದರೆ ಚರ್ಮದ ಹಾಗೆ. ಕೆಳಗೆ ಬೆಳ್ಳಗೆ ಸಣ್ಣ ತೂತು ಇದ್ದರೆ ಟರ್ಕಿ ಟೇಲ್, ಬರೀ ನುಣ್ಣಗಿದ್ದರೆ ಅದರ ಸೋಗಿನ ಇನ್ನೊಂದು. ಮಕ್ಕಳಿಗೆ ಇದನ್ನು ಹುಡುಕೋ ಆಟ ಕೊಟ್ಟು ನೋಡಿ, ಎರಡು ಮೈಲಿ ನಡೆದದ್ದೇ ಗೊತ್ತಾಗೋಲ್ಲ. ಮುಟ್ಟಿದರೆ ವಿಷ ಹತ್ತತ್ತಾ ಅಂತ ಕೆಲವರು ಹೆದರ್ತಾರೆ. ಇಲ್ಲ. ಅತಿ ಕೆಟ್ಟ ಅಣಬೆಯೂ ಮುಟ್ಟಿದ ಮಾತ್ರಕ್ಕೆ ಏನೂ ಮಾಡೋದಿಲ್ಲ, ಹೊಟ್ಟೆಗೆ ಹೋದರಷ್ಟೇ. ಕೈ ತೊಳೆಸಿ, ಸಾಕು.

ಇನ್ನು ಈ ಅಂಕಣ ಬರೆಯೋಕೆ ನಿಜವಾದ ಕಾರಣ. ಮರದ ಮೇಲಿನದ್ದೆಲ್ಲ ಅಪಾಯ ಇಲ್ಲ ಅನ್ನೋ ಮಾತು ನಮ್ಮ ಜನರ ನಡುವೆ ಓಡಾಡ್ತಿದೆ, ಎರಡು ಮೂರು ಕಡೆ ಕೇಳಿದೆವು. ಸುಳ್ಳು. ಕೊಳೆತ ದಿಮ್ಮಿ ಮೇಲೆ ಗ್ಯಾಲೆರಿನಾ ಅಂತ ಒಂದು ಬರತ್ತೆ. ಸಣ್ಣದು, ಒಂದೆರಡು ಅಂಗುಲಕ್ಕಿಂತ ಅಗಲ ಇಲ್ಲ, ಕಂದು, ಕಾಲಿನ ಮೇಲೆ ತೆಳುವಾದ ಉಂಗುರ. ನೋಡಿದರೆ ಏನೂ ಅನ್ನಿಸೋದಿಲ್ಲ. ಡೆತ್ ಕ್ಯಾಪ್‌ನಲ್ಲಿರೋ ಅದೇ ವಿಷ ಇದರಲ್ಲಿದೆ. ಬೇಯಿಸಿದರೆ, ಹುರಿದರೆ, ಒಣಗಿಸಿದರೆ, ಫ್ರಿಜ್ಜಿನಲ್ಲಿಟ್ಟರೆ ಹೋಗದ ವಿಷ.

ಇದು ಸೇರಿಕೊಳ್ಳೋದು ಹನಿ ಮಶ್ರೂಮ್ ಜೊತೆ. ಹನಿ ಮಶ್ರೂಮ್ ಶರತ್ಕಾಲದಲ್ಲಿ ಮರದ ಬುಡಕ್ಕೆ ಗೊಂಚಲು ಗೊಂಚಲಾಗಿ ಏಳತ್ತೆ, ಜೇನಿನ ಬಣ್ಣ, ಅದಕ್ಕೂ ಉಂಗುರ. ಪೋಲೆಂಡ್, ಇಟಲಿ ಕಡೆಯಿಂದ ಬಂದ ಇಲ್ಲಿಯ ಹಳೇ ಮನೆತನಗಳು ಪೀಳಿಗೆಗಳಿಂದ ಆಯ್ದು ತಿನ್ನೋದು. ಸತ್ತ ಮರದ ತೊಗಟೆ ಎಬ್ಬಿಸಿದಾಗ ಶೂ ಲೇಸಿನಂಥ ಕಪ್ಪು ಎಳೆಗಳು ಕಂಡರೆ ಅವು ಇದರ ಬೇರುಜಾಲ. ಮಿಶಿಗನ್‌ನ ಉತ್ತರದಲ್ಲಿ, ಕ್ರಿಸ್ಟಲ್ ಫಾಲ್ಸ್ ಹತ್ತಿರ, ಇದರ ಒಂದೇ ಜೀವ ನೆಲದೊಳಗೆ 37 ಎಕರೆ ಹಬ್ಬಿದೆ ಅಂತ 1992ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 2018ರಲ್ಲಿ ಅವರೇ ಮತ್ತೆ ಲೆಕ್ಕ ಹಾಕಿ, ಅದು ಇನ್ನೂ ದೊಡ್ಡದು, ವಯಸ್ಸು ಕನಿಷ್ಠ 2,500 ವರ್ಷ, ತೂಕ ಸುಮಾರು 400 ಟನ್ ಅಂದರು. ಇಪ್ಪತ್ತಾರು ವರ್ಷದ ನಂತರ ತಮ್ಮದೇ ಲೆಕ್ಕವನ್ನು ತಾವೇ ಆಡಿಟ್ ಮಾಡೋರನ್ನು ಕಂಡರೆ ನಮಗೆ ಗೌರವ.

ಅದೇ ದಿಮ್ಮಿಯ ಮೇಲೆ, ಹನಿ ಗೊಂಚಲಿನ ಸಂದಿಯಲ್ಲೇ, ನಾಲ್ಕು ಗ್ಯಾಲೆರಿನಾ ಇರಬಹುದು. ಬುಟ್ಟಿಗೆ ಕೈತುಂಬ ಬಾಚಿ ಹಾಕೋರಿಗೆ ಗೊತ್ತೇ ಆಗೋದಿಲ್ಲ. ಇವೆರಡನ್ನೂ ಬೇರೆ ಮಾಡೋ ಗಟ್ಟಿ ಸಾಕ್ಷಿ ಬೀಜಕದ ಬಣ್ಣ. ಕಾಲು ಕತ್ತರಿಸಿ, ಕೊಡೆಯನ್ನು ಪದರ ಕೆಳಗಾಗಿ ಕಾಗದದ ಮೇಲಿಟ್ಟು, ಮೇಲೊಂದು ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಕಾಗದ ಅರ್ಧ ಬಿಳಿ ಅರ್ಧ ಕಪ್ಪು ಇದ್ದರೆ ಒಳ್ಳೇದು, ಬಿಳಿ ಬೀಜಕ ಬಿಳಿ ಕಾಗದದ ಮೇಲೆ ಕಾಣೋಲ್ಲ. ಬೆಳಿಗ್ಗೆ ಪುಡಿಯ ಅಚ್ಚು ಬಿದ್ದಿರತ್ತೆ. ಹನಿ ಮಶ್ರೂಮ್‌ನದ್ದು ಬೆಳ್ಳಗೆ, ಗ್ಯಾಲೆರಿನಾದ್ದು ತುಕ್ಕಿನ ಕಂದು. ಆದರೆ ಈ ಪರೀಕ್ಷೆ ನೀವು ಅಚ್ಚು ತೆಗೆದ ಆ ಒಂದು ಅಣಬೆಗೆ ಮಾತ್ರ. ಬುಟ್ಟಿಯಲ್ಲಿರೋ ಉಳಿದ ಐವತ್ತಕ್ಕೆ ಅದು ಜಾಮೀನು ಕೊಡೋಲ್ಲ. ಅದಕ್ಕೇ, ಮೊದಲ ಕೆಲವು ವರ್ಷ ಸಣ್ಣ ಕಂದು ಅಣಬೆಗಳ ತಂಟೆಗೇ ಹೋಗಬೇಡಿ ಅಂತ ಇಲ್ಲಿಯ ಬಲ್ಲವರು ಹೇಳ್ತಾರೆ. ನಾವು ಇನ್ನೂ ಹೋಗಿಲ್ಲ.

ಊರಿಂದ ತಂದ ಪರೀಕ್ಷೆಗಳನ್ನೂ ಬಿಡಬೇಕು. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಜೊತೆಗೆ ಬೇಯಿಸಿದ ಅಕ್ಕಿ ಬಣ್ಣ ತಿರುಗಿದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು: ಒಂದೂ ನಿಜ ಅಲ್ಲ. ಬಸವನಹುಳು, ಅಳಿಲು ಮನುಷ್ಯನನ್ನು ಕೊಲ್ಲೋ ಅಣಬೆಯನ್ನು ತಿಂದು ಆರಾಮಾಗಿರ್ತವೆ. ಫೋನಿನ ಆ್ಯಪ್‌ಗಳೂ ಹೆಸರು ಸೂಚಿಸೋಕೆ ಸರಿ, ಊಟಕ್ಕೆ ಸಾಲದು. 2023ರಲ್ಲಿ ಯಂತ್ರದಿಂದ ಬರೆಸಿದ ಹಾಗೆ ಕಾಣೋ ಅಣಬೆ ಪುಸ್ತಕಗಳು ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕೆ ಬಂದು, ನ್ಯೂಯಾರ್ಕಿನ ಅಣಬೆ ಸಂಘದವರು ಕೊಳ್ಳಬೇಡಿ ಅಂತ ಎಚ್ಚರಿಸಿದ್ದರು.

ಆ ವಿಷದ ದಾರಿ ತಿಳಿದಿರಲಿ, ಯಾಕಂದ್ರೆ ಅದು ಮೋಸ ಮಾಡತ್ತೆ. ತಿಂದ ತಕ್ಷಣ ಏನೂ ಆಗೋಲ್ಲ. 6ರಿಂದ 12 ಗಂಟೆ, ಒಮ್ಮೊಮ್ಮೆ ಇನ್ನೂ ತಡವಾಗಿ ಹೊಟ್ಟೆನೋವು, ವಾಂತಿ, ಭೇದಿ. ಅಷ್ಟರಲ್ಲಿ ರಾತ್ರಿ ಊಟದ ನೆನಪೇ ಹೋಗಿ ಬೇರೇನೋ ಅಂದುಕೊಳ್ತೀರಿ. ಮಾರನೇ ದಿನ ಕಡಿಮೆಯಾದ ಹಾಗೆ ಅನ್ನಿಸತ್ತೆ, ಪಾಳಿಗೂ ಹೋಗಿಬಿಡ್ತೀರಿ. ಒಳಗೆ ಲಿವರ್ ಕೆಡ್ತಾ ಇರತ್ತೆ. ಮೂರನೇ ನಾಲ್ಕನೇ ದಿನ ಆಸ್ಪತ್ರೆಗೆ ಹೋದಾಗ ಲಿವರ್ ಕಸಿಯ ಮಾತು ಬರಬಹುದು. ಆದ್ದರಿಂದ ಕಾಡಣಬೆ ತಿಂದವರಿಗೆ ಆರು ಗಂಟೆ ಕಳೆದ ಮೇಲೆ ವಾಂತಿ ಶುರುವಾದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಉಳಿದ ಅಣಬೆ, ಸಿಪ್ಪೆ, ಬೇಯಿಸಿದ್ದು ಏನಿದ್ದರೂ ಕಾಗದದ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ವಿಷದ ಸಹಾಯವಾಣಿ 1-800-222-1222, ಹಗಲು ರಾತ್ರಿ ಇರತ್ತೆ, ಇಲಿನಾಯ್‌ನಿಂದ ಮಾಡಿದರೂ ಮಿಶಿಗನ್‌ನಿಂದ ಮಾಡಿದರೂ ಅದೇ ನಂಬರ್. ಕರೆ ಉಚಿತ, ಗುಟ್ಟು ಕಾಪಾಡ್ತಾರೆ, ದುಭಾಷಿ ಕೇಳಬಹುದು. ವಿಮೆ ಇಲ್ಲದವರು ಬಿಲ್ಲಿನ ಹೆದರಿಕೆಗೆ ಮನೆಯಲ್ಲೇ ಮಲಗ್ತಾರೆ ಅಂತ ನಮಗೆ ಗೊತ್ತು, ಅದಕ್ಕೇ ಈ ನಂಬರನ್ನು ಇಷ್ಟು ಒತ್ತಿ ಬರೆದದ್ದು. ತಂದೆತಾಯಿಗೆ ಇದನ್ನು ಫ್ರಿಜ್ಜಿನ ಬಾಗಿಲ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿ.

ಕಾನೂನಿನ ವಿಷಯ. ಡೂಪೇಜ್ ಕೌಂಟಿಯ ಫಾರೆಸ್ಟ್ ಪ್ರಿಸರ್ವ್‌ಗಳಲ್ಲಿ ಅಣಬೆ ಕೀಳೋ ಹಾಗಿಲ್ಲ, ಕುಕ್ ಕೌಂಟಿಯಲ್ಲೂ ಇಲ್ಲ. ಅಂದ್ರೆ ವೆಸ್ಟ್‌ಮಂಟ್‌ನಿಂದ ಹತ್ತು ಹದಿನೈದು ನಿಮಿಷದಲ್ಲಿ ಸಿಗೋ ಮೇಪಲ್ ಗ್ರೋವ್, ವಾಟರ್‌ಫಾಲ್ ಗ್ಲೆನ್ ಎಲ್ಲ ನೋಡೋಕೆ ಮಾತ್ರ. ಕಂಡಾಗ ರೇಂಜರ್ ನಕ್ಕು ಮಾತಾಡಿಸಿದರೂ ದಂಡ ಹಾಕೋ ಅಧಿಕಾರ ಅವರಿಗಿದೆ, ವೀಸಾ ಮೇಲಿರೋರಿಗೆ ಕೋರ್ಟಿನ ಒಂದು ಕಾಗದವೂ ಬೇಡದ ತಲೆನೋವು. ಇಲಿನಾಯ್ ಸ್ಟೇಟ್ ಪಾರ್ಕ್‌ಗಳಲ್ಲಿ ಹೆಚ್ಚಿನ ಕಡೆ ಸ್ವಂತ ಬಳಕೆಗೆ ಆಯಬಹುದು, ಆದರೆ ಒಳಗೆ ನೇಚರ್ ಪ್ರಿಸರ್ವ್ ಅಂತ ಬೋರ್ಡಿರೋ ಭಾಗದಲ್ಲಿ ಅಲ್ಲ, ಬೇಟೆಯ ಕಾಲದಲ್ಲಿ ಹೊತ್ತಿನ ಕಟ್ಟುಪಾಡೂ ಇರತ್ತೆ. ಮಿಶಿಗನ್‌ನಲ್ಲಿ ರಾಜ್ಯದ ಕಾಡುಗಳಲ್ಲಿ ಮನೆ ಮಟ್ಟಿಗೆ ಆಯೋಕೆ ಅಡ್ಡಿಯಿಲ್ಲ. ಮಾರೋದು ಮಾತ್ರ ಬೇರೆ: ಹೋಟೆಲಿಗೆ, ಅಂಗಡಿಗೆ ಕಾಡಣಬೆ ಕೊಡಬೇಕಾದರೆ ಪ್ರಮಾಣಪತ್ರ ಇರೋ ಪರಿಣತರು ನೋಡಿ ಒಪ್ಪಿರಬೇಕು. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡೋರು, ಯಾರೋ ಹಿಂಬಾಗಿಲಲ್ಲಿ ಚೀಲ ತಂದು ಕೊಟ್ಟರೆ ಇದನ್ನು ನೆನಪಿಡಿ. ಆಮೇಲೆ ಹೆಚ್ಚಿ ಬೇಯಿಸಿದವರ ಹೆಸರೂ ಬರತ್ತೆ.

ಅಂದ ಹಾಗೆ ವಾಟರ್‌ಫಾಲ್ ಗ್ಲೆನ್‌ಗೆ ಆ ಹೆಸರು ಬಂದದ್ದು ಅಲ್ಲಿಯ ಪುಟ್ಟ ಜಲಪಾತದಿಂದ ಅಲ್ಲ. ಸೀಮೋರ್ ವಾಟರ್‌ಫಾಲ್ ಅಂತ ಫಾರೆಸ್ಟ್ ಪ್ರಿಸರ್ವ್ ಮಂಡಳಿಗೆ ಹಿಂದೆ ಅಧ್ಯಕ್ಷರಾಗಿದ್ದವರ ಹೆಸರು. ಆರ್ಗಾನ್ ಪ್ರಯೋಗಾಲಯದ ಸುತ್ತ 9.5 ಮೈಲಿಯ ಹಾದಿ. ಭಾನುವಾರ ಲೆಮಾಂಟ್ ದೇವಸ್ಥಾನಕ್ಕೆ ಹೋಗೋರು ಪ್ರಸಾದ ಮುಗಿಸಿ ಒಂದು ಗಂಟೆ ಅಲ್ಲಿ ಕಾಲಾಡಿಸಬಹುದು. ಅಡ್ಡ ಬಿದ್ದ ಮರವನ್ನು ಹಾದಿಯಷ್ಟು ಕತ್ತರಿಸಿ ಉಳಿದದ್ದನ್ನು ಹಾಗೇ ಬಿಟ್ಟಿರ್ತಾರೆ. ಊರಿನವರಿಗೆ ಇದು ಸೌದೆ ವೇಸ್ಟ್ ಅನ್ನಿಸತ್ತೆ. ಅದರ ಮೇಲೆ ಎಷ್ಟು ಸಂಸಾರ ಇದೆ ಅಂತ ಕೂತು ನೋಡಿ.

ಸರಿಯಾಗಿ ಕಲಿಯೋ ಆಸೆ ಇರೋರಿಗೆ ದಾರಿ ಇದೆ. ಚಿಕಾಗೊ ಕಡೆ ಇಲಿನಾಯ್ ಮೈಕಲಾಜಿಕಲ್ ಅಸೋಸಿಯೇಷನ್, ಡೆಟ್ರಾಯ್ಟ್ ಕಡೆ ಮಿಶಿಗನ್ ಮಶ್ರೂಮ್ ಹಂಟರ್ಸ್ ಕ್ಲಬ್, ಎರಡೂ ಹಳೇ ಸಂಘಗಳು. ಗುಂಪಾಗಿ ಕಾಡಿಗೆ ಹೋಗಿ, ತಂದದ್ದನ್ನು ಮೇಜಿನ ಮೇಲೆ ಹರಡಿ, ಬಲ್ಲವರಿಂದ ಹೆಸರು ಬರೆಸ್ತಾರೆ. ಇಂಗ್ಲಿಷ್ ಅಷ್ಟು ಬರೋದಿಲ್ಲ ಅಂತ ಹಿಂಜರಿಯಬೇಡಿ, ಆ ಮೇಜಿನ ಹತ್ತಿರ ಅಣಬೆ ಬುಟ್ಟಿಯೇ ಮಾತಾಡತ್ತೆ. ಪುಸ್ತಕ ಬೇಕಾದರೆ ಜೋ ಮ್ಯಾಕ್‌ಫಾರ್ಲ್ಯಾಂಡ್ ಮತ್ತು ಗ್ರೆಗರಿ ಮುಲ್ಲರ್ ಬರೆದ ಎಡಿಬಲ್ ವೈಲ್ಡ್ ಮಶ್ರೂಮ್ಸ್ ಆಫ್ ಇಲಿನಾಯ್ ಅಂಡ್ ಸರೌಂಡಿಂಗ್ ಸ್ಟೇಟ್ಸ್, 2009ರದ್ದು. ಲೈಬ್ರರಿಯಲ್ಲಿ ಕೇಳಿ, ಅವರಲ್ಲಿ ಇಲ್ಲದಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡ್ತಾರೆ.

ಫೋಟೋ ಕಳಿಸೋದನ್ನು ನಿಲ್ಲಿಸಬೇಡಿ. ಇನ್ನು ಮುಂದೆ ನಾಲ್ಕು ಕಳಿಸಿ: ಇಡೀ ಮರ ದೂರದಿಂದ, ತೊಗಟೆ ಹತ್ತಿರದಿಂದ, ಅಣಬೆ ಮೇಲಿನಿಂದ, ಅಣಬೆ ಕೆಳಗಿನಿಂದ. ತಾರೀಖು, ಜಾಗ ಬರೆಯಿರಿ. ಹೆಸರು ಇದಿರಬಹುದು ಅಂತ ನಮಗೆ ತೋಚಿದರೆ ಹೇಳ್ತೇವೆ, ತಿನ್ನಬಹುದಾ ಅಂತ ಕೇಳಿದರೆ ಆ ಸಂಘದವರ ಮೇಜಿಗೆ ಕಳಿಸ್ತೇವೆ. ಮುಂದಿನ ತಿಂಗಳು ಆರೋಗ್ಯ ವಿಮೆಯ ಓಪನ್ ಎನ್‌ರೋಲ್‌ಮೆಂಟ್ ಬಗ್ಗೆ ಬರೀತೀವಿ, ಈಗಿನ ಪಾಲಿಸಿ ಕಾಗದ ಹುಡುಕಿಟ್ಟುಕೊಂಡಿರಿ.